ಕುರ್ಚಿಯಿಂದ ಕಪಾಟಿಗೆ ಹತ್ತು ಹೆಜ್ಜೆ

ಬೆಳಿಗ್ಗೆ ಎಂಟೂಕಾಲು. ನಮ್ಮ ಜಿಲ್ಲಾ ಕೇಂದ್ರದ ಗ್ರಂಥಾಲಯದ ಬಾಗಿಲು ಇನ್ನೂ ತೆರೆದಿಲ್ಲ. ಮೆಟ್ಟಿಲ ಮೇಲೆ ಮನುಷ್ಯರಿಗಿಂತ ಬ್ಯಾಗುಗಳೇ ಹೆಚ್ಚು. ಕಪ್ಪು, ನೀಲಿ, ಜಿಪ್ ಕಿತ್ತುಹೋದದ್ದು, ಕೋಚಿಂಗ್ ಸೆಂಟರಿನವರು ಪುಕ್ಕಟೆ ಕೊಟ್ಟದ್ದು, ಎಲ್ಲ ಒಂದರ ಹಿಂದೊಂದು ಸಾಲಾಗಿ ಕೂತಿವೆ. ಅವುಗಳ ಒಡೆಯರು ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾರೆ. ಬ್ಯಾಗಿನ ಸಾಲನ್ನು ಮುರಿಯುವ ಧೈರ್ಯ ಯಾರೂ ಮಾಡುವುದಿಲ್ಲ, ಅದು ಇಲ್ಲಿನ ಕಟ್ಟಳೆ. ಎಂಟೂವರೆಗೆ ಬೀಗ ತೆಗೆದರೆ ಹತ್ತು ನಿಮಿಷದಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಳೆಲ್ಲ ಭರ್ತಿ. ಪ್ಲಗ್ ಪಾಯಿಂಟ್ ಪಕ್ಕದ ಕುರ್ಚಿಗಂತೂ ಸಣ್ಣ ಓಟವೇ ನಡೆಯುತ್ತದೆ.

ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ ನಾವು ಕೇಳಿ ಕೇಳಿ ಸವೆದ ಮಾತೊಂದಿದೆ: ಈಗಿನ ಹುಡುಗರು ಮೊಬೈಲ್ ಬಿಟ್ಟು ಬೇರೆ ನೋಡಲ್ಲ, ಲೈಬ್ರರಿ ಕಡೆ ತಲೆ ಹಾಕಿಯೂ ಮಲಗಲ್ಲ. ಆ ಭಾಷಣಕಾರರನ್ನು ಒಂದು ದಿನ ಎಂಟೂಕಾಲಿಗೆ ಈ ಮೆಟ್ಟಿಲ ಬಳಿ ನಿಲ್ಲಿಸಬೇಕು. ಇಲ್ಲಿ ಬರುವವರಲ್ಲಿ ಹೆಚ್ಚಿನವರು 2016ರಲ್ಲಿ ಜಿಯೋ ಸಿಮ್ ಬಂದಾಗ ಹೈಸ್ಕೂಲಿನಲ್ಲೋ ಅದಕ್ಕೂ ಕೆಳಗಿನ ತರಗತಿಯಲ್ಲೋ ಇದ್ದವರು. ಇಂಟರ್‌ನೆಟ್ಟಿನ ಮಡಿಲಲ್ಲೇ ಬೆಳೆದವರು. ಆದರೂ ಬರುತ್ತಾರೆ, ದಿನಕ್ಕೆ ಎಂಟು ಹತ್ತು ಗಂಟೆ ಕೂರುತ್ತಾರೆ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಗ್ರಾಮ ಆಡಳಿತಾಧಿಕಾರಿ, ಕೆಎಎಸ್, ಯಾವ ಸರ್ಕಾರಿ ಹುದ್ದೆಯ ನೋಟಿಫಿಕೇಶನ್ ಬರುತ್ತದೋ ಅದಕ್ಕೆ ತಯಾರಿ.

ಆದರೆ ಇನ್ನೊಂದು ವಿಷಯವೂ ಅಲ್ಲಿ ಕೂತರೆ ಕಣ್ಣಿಗೆ ಬೀಳುತ್ತದೆ. ಅವರು ಓದುವುದೆಲ್ಲ ಅವರೇ ತಂದ ಪುಸ್ತಕ. ಸ್ಪೈರಲ್ ಬೈಂಡ್ ಮಾಡಿಸಿದ ನೋಟ್ಸು, ಟೆಲಿಗ್ರಾಂ ಗ್ರೂಪಿನಿಂದ ಇಳಿಸಿಕೊಂಡ ಪಿಡಿಎಫ್ಫು, ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಕರೆಂಟ್ ಅಫೇರ್ಸ್ ಪುಸ್ತಕ. ಗ್ರಂಥಾಲಯದ್ದು ಅಂತ ಮೇಜಿನ ಮೇಲಿರುವುದು ದಿನಪತ್ರಿಕೆ ಮಾತ್ರ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಹುಡುಗನನ್ನು ಕೇಳಿದೆ.

"ಇಲ್ಲಿನ ಪುಸ್ತಕ ಏನಾದ್ರೂ ತಗೊಂಡು ಓದಿದ್ದೀಯೇನಪ್ಪ?"

"ಇಲ್ಲ ಸಾರ್."

"ಎಷ್ಟು ದಿನದಿಂದ ಬರ್ತಿದ್ದೀಯ?"

"ಎರಡು ವರ್ಷ ಆಯ್ತು ಸಾರ್." ಆಮೇಲೆ ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ ಕೇಳಿದ: "ಆ ರೂಮಿಗೆ ನಾವೂ ಹೋಗಬಹುದಾ ಸಾರ್?"

ಅವನ ಕುರ್ಚಿಯಿಂದ ಮೊದಲನೇ ಕಪಾಟಿಗೆ ಹತ್ತು ಹೆಜ್ಜೆ. ನಾನು ಎಣಿಸಿದ್ದೇನೆ. ಆ ಹತ್ತು ಹೆಜ್ಜೆಯನ್ನು ಎರಡು ವರ್ಷದಲ್ಲಿ ಅವನು ಯಾಕೆ ನಡೆಯಲಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ. ಯುವಕರನ್ನು ಗ್ರಂಥಾಲಯಕ್ಕೆ ಕರೆತರುವುದು ಹೇಗೆ ಎಂಬುದು ಬೇರೆ ಪ್ರಶ್ನೆ; ನಮ್ಮ ಪಟ್ಟಣಗಳಲ್ಲಿ ಅದಕ್ಕೆ ಉತ್ತರ ಬೇಕಾಗಿಲ್ಲ, ಅವರು ಆಗಲೇ ಬಂದು ಕೂತಿದ್ದಾರೆ.

ಕುರ್ಚಿಗೆ ಯಾಕಿಷ್ಟು ಬೆಲೆ

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಒಂದು ಸುತ್ತು ಹಾಕಿದರೆ ಕೋಚಿಂಗ್ ಸೆಂಟರುಗಳ ಸಂದಿಯಲ್ಲಿ 'ರೀಡಿಂಗ್ ರೂಮ್', 'ಸ್ಟಡಿ ಹಾಲ್' ಬೋರ್ಡುಗಳು ಕಾಣುತ್ತವೆ. ಅಲ್ಲಿ ಪುಸ್ತಕವಿಲ್ಲ, ಪಾಠವಿಲ್ಲ. ಒಂದು ಕುರ್ಚಿ, ಮೂರು ಕಡೆ ಮರೆ ಇರುವ ಮೇಜು, ಒಂದು ಬಲ್ಬು, ವೈಫೈ. ಅದಕ್ಕೆ ತಿಂಗಳ ಬಾಡಿಗೆ. ಮಾಹಿತಿಯೆಲ್ಲ ಜೇಬಿನಲ್ಲೇ ಇರುವ ಪೀಳಿಗೆ ದುಡ್ಡು ಕೊಟ್ಟು ಕೊಳ್ಳುತ್ತಿರುವುದು ನಿಶ್ಶಬ್ದವನ್ನು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎರಡು ಕೋಣೆಯ ಮನೆಯಲ್ಲಿ ಟಿವಿ ಒಂದು ಕಡೆ, ನೆಂಟರು ಇನ್ನೊಂದು ಕಡೆ. ಹೆಣ್ಣುಮಕ್ಕಳು ಮನೆಯಲ್ಲಿ ಪುಸ್ತಕ ಹಿಡಿದು ಕೂತರೆ ಅದು 'ಸುಮ್ಮನೆ ಕೂತಿದ್ದಾಳೆ' ಎಂದೇ ಲೆಕ್ಕ. ಕೂಡಲೇ ಒಂದು ಕೆಲಸ ಹುಟ್ಟುತ್ತದೆ. ಮತ್ತೆ ಫೋನು. ನಮ್ಮ ಗ್ರಂಥಾಲಯಕ್ಕೆ ಬರುವ ಹುಡುಗಿಯೊಬ್ಬಳು ಹೇಳಿದ್ದು: "ಮನೇಲಿ ಫೋನ್ ತೆಗೆದ್ರೆ ರೀಲ್ಸಲ್ಲಿ ಒಂದು ಗಂಟೆ ಹೋಗ್ಬಿಡತ್ತೆ. ಇಲ್ಲಿ ತೆಗೆದ್ರೆ ಪಕ್ಕದವರು ನೋಡ್ತಾರಲ್ಲ, ನಾಚಿಕೆ ಆಗತ್ತೆ." ಈ ನಾಚಿಕೆಯನ್ನು ಯಾವ ಆ್ಯಪೂ ಕೊಡಲಾರದು. ಓದುವ ಹತ್ತು ಜನರ ನಡುವೆ ಕೂತಾಗ ನಾವೂ ಓದುತ್ತೇವೆ, ಅಷ್ಟೇ ಸರಳ ಸಂಗತಿ ಇದು.

ಹಾಗಾಗಿ ಗ್ರಂಥಾಲಯಕ್ಕೂ ಇಂಟರ್‌ನೆಟ್ಟಿಗೂ ಜಗಳ ಹಚ್ಚುವುದರಲ್ಲಿ ಅರ್ಥವಿಲ್ಲ. ಇಂಟರ್‌ನೆಟ್ ಜಾಸ್ತಿಯಾದಷ್ಟೂ ಕುರ್ಚಿಗೆ ಬೇಡಿಕೆ ಜಾಸ್ತಿಯಾಗಿದೆ. ಕಷ್ಟವಿರುವುದು ಆ ಹತ್ತು ಹೆಜ್ಜೆಯಲ್ಲಿ.

ಬೀಗದ ಕಥೆ

ಕಪಾಟಿಗೆ ಬೀಗ ಯಾಕೆ ಎಂದು ಗ್ರಂಥಪಾಲಕರನ್ನು ಬೈಯುವ ಮೊದಲು ಅವರ ಪಾಡು ಏನೆಂದು ತಿಳಿಯಬೇಕು. ಸರ್ಕಾರಿ ಲೆಕ್ಕದಲ್ಲಿ ಪುಸ್ತಕವೂ ಮೇಜು ಕುರ್ಚಿಯ ಹಾಗೆ ಒಂದು ಆಸ್ತಿ. ದಾಸ್ತಾನು ಪರಿಶೀಲನೆ ಬಂದಾಗ ಪುಸ್ತಕ ಕಾಣೆಯಾಗಿದ್ದರೆ ಉತ್ತರ ಕೊಡಬೇಕಾದವರು, ಕೆಲವೊಮ್ಮೆ ಕೈಯಿಂದ ಕಟ್ಟಬೇಕಾದವರು ಅವರೇ. ನೂರು ಜನ ಓದಿ ಹರಿದ ಪುಸ್ತಕಕ್ಕೆ ಶಭಾಷ್‌ಗಿರಿ ಇಲ್ಲ. ಯಾರೂ ಮುಟ್ಟದೆ ಗೆದ್ದಲು ಹಿಡಿಯದೆ ಉಳಿದ ಪುಸ್ತಕಕ್ಕೆ ಆಕ್ಷೇಪಣೆ ಇಲ್ಲ. ಇಂಥ ವ್ಯವಸ್ಥೆಯಲ್ಲಿ ಬುದ್ಧಿವಂತರು ಯಾರಾದರೂ ಬೀಗ ಹಾಕುತ್ತಾರೆ.

ಎಸ್. ಆರ್. ರಂಗನಾಥನ್ ಈ ಬೀಗದ ಮೇಲೇ ಮೊದಲ ಏಟು ಹಾಕಿದವರು. ಮದ್ರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು; ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳನ್ನು ಇಂದಿಗೂ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಪುಸ್ತಕ ಇರುವುದು ಬಳಕೆಗೆ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಸಮಯ ಉಳಿಸಿ. ಗ್ರಂಥಾಲಯ ಬೆಳೆಯುವ ಜೀವಿ. ನನಗೆ ಇವುಗಳಲ್ಲಿ ನಾಲ್ಕನೆಯದು ಇವತ್ತಿನದು ಅನ್ನಿಸುತ್ತದೆ. ಗೂಗಲ್ ಗೆದ್ದದ್ದೇ ಆ ಒಂದು ಸೂತ್ರದಿಂದ. ನಮ್ಮ ಗ್ರಂಥಾಲಯ ಸೋತದ್ದೂ ಅದೇ ಜಾಗದಲ್ಲಿ.

ನನ್ನದೇ ಉದಾಹರಣೆ ಹೇಳುತ್ತೇನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಊರಿನ ಗ್ರಂಥಾಲಯದಲ್ಲಿ ಸದಸ್ಯತ್ವದ ಅರ್ಜಿ ತಗೊಂಡೆ. ಫೋಟೋ, ವಿಳಾಸದ ದಾಖಲೆ, ಠೇವಣಿ, ಇವೆಲ್ಲ ಸರಿ. ಕೆಳಗೆ ಒಂದು ಸಾಲು: ಜಾಮೀನುದಾರರ ಸಹಿ, ಗೆಜೆಟೆಡ್ ಅಧಿಕಾರಿಯದಾದರೆ ಒಳ್ಳೆಯದು. ಬಾಡಿಗೆ ರೂಮಿನಲ್ಲಿದ್ದ ಹಳ್ಳಿ ಹುಡುಗನಿಗೆ ಆ ಊರಲ್ಲಿ ಗೆಜೆಟೆಡ್ ಅಧಿಕಾರಿ ಯಾರು ಗೊತ್ತು? ಕಾಲೇಜಿನ ಪ್ರಾಂಶುಪಾಲರು ರಜೆಯಲ್ಲಿದ್ದರು. ಅರ್ಜಿ ಮಡಚಿ ಜೇಬಿಗಿಟ್ಟೆ, ಪ್ಯಾಂಟಿನ ಜತೆ ಅದೂ ಒಗೆದುಹೋಯಿತು. ಒಂದು ಮೊಬೈಲ್ ನಂಬರು ಕೊಟ್ಟರೆ ಜಗತ್ತೇ ತೆರೆದುಕೊಳ್ಳುವ ಕಾಲದಲ್ಲಿ ನೂರೈವತ್ತು ರೂಪಾಯಿ ಪುಸ್ತಕಕ್ಕೆ ಜಾಮೀನು ಕೇಳಿದರೆ ಯಾರು ನಿಲ್ಲುತ್ತಾರೆ?

ಕಪಾಟಿನೊಳಗೆ ಯಾರ ಆಯ್ಕೆ

ಬೀಗ ತೆಗೆದರು ಅಂತಲೇ ಇಟ್ಟುಕೊಳ್ಳಿ. ಒಳಗೆ ಏನಿದೆ? ಇಲ್ಲಿ ಸಗಟು ಖರೀದಿ ಯೋಜನೆಯ ವಿಷಯ ಬರುತ್ತದೆ. ಪ್ರಕಾಶಕರಲ್ಲದವರಿಗೆ ಇದರ ಬಗ್ಗೆ ಗೊತ್ತಿರುವುದು ಕಡಿಮೆ.

ಕರ್ನಾಟಕದಲ್ಲಿ ಆಯಾ ವರ್ಷ ಪ್ರಕಟವಾದ ಕನ್ನಡ ಪುಸ್ತಕಗಳಲ್ಲಿ ಆಯ್ಕೆ ಸಮಿತಿ ಒಪ್ಪಿದ್ದನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆ ಒಟ್ಟಾಗಿ ಕೊಂಡು ರಾಜ್ಯದ ಗ್ರಂಥಾಲಯಗಳಿಗೆ ಹಂಚುತ್ತದೆ. ಒಂದು ಶೀರ್ಷಿಕೆಗೆ 300 ಪ್ರತಿ ಎಂಬುದು ಪ್ರಕಾಶಕರ ಬಾಯಲ್ಲಿ ಸದಾ ಓಡಾಡುವ ಲೆಕ್ಕ. ಬೆಲೆ ಪುಟಕ್ಕಿಷ್ಟು ಎಂಬ ದರದಲ್ಲಿ ನಿಗದಿಯಾಗುತ್ತದೆ. ಈ ಯೋಜನೆಗೆ ಕೈ ಮುಗಿಯಬೇಕಾದ ಕಾರಣವೂ ಇದೆ. ಕವಿತೆ, ಸಂಶೋಧನೆ, ಜಾನಪದದಂಥ ಅಂಗಡಿಯಲ್ಲಿ ಓಡದ ಎಷ್ಟೋ ಪುಸ್ತಕಗಳು ಅಚ್ಚಿನ ಮುಖ ಕಂಡದ್ದು ಆ 300 ಪ್ರತಿಯ ಭರವಸೆಯಿಂದ. ಸಣ್ಣ ಊರಿನ ಪ್ರಕಾಶಕನಿಗೆ ಅದೇ ಬೆನ್ನೆಲುಬು.

ಆದರೆ ಅದರ ಇನ್ನೊಂದು ಮಗ್ಗುಲು ನೋಡಿ. ಪುಸ್ತಕ ಯಾವ ಊರಿನ ಯಾವ ಓದುಗನಿಗೆ ಬೇಕು ಎಂದು ಯಾರೂ ಕೇಳಿರುವುದಿಲ್ಲ. ಪುಸ್ತಕ ಮೇಲಿಂದ ಇಳಿದು ಬರುತ್ತದೆ, ಮಳೆ ಬಂದ ಹಾಗೆ. ಕೆಳಗೆ ಯಾವ ಹೊಲದಲ್ಲಿ ಏನು ಬಿತ್ತಿದ್ದಾರೆ ಎಂಬ ಗೊಡವೆ ಮೋಡಕ್ಕಿಲ್ಲ. ಕೆಲವು ಪುಸ್ತಕಗಳ ಮಟ್ಟಿಗೆ ಬರೆದವರು, ಅಚ್ಚು ಹಾಕಿದವರು, ಆರಿಸಿದವರು ಮೂವರೇ ಓದುಗರು. ಪುಟಕ್ಕಿಷ್ಟು ದರ ಎಂದ ಮೇಲೆ ಬಣ್ಣದ ಚಿತ್ರವಿರುವ, ಒಳ್ಳೆ ಕಾಗದದ ಮಕ್ಕಳ ಪುಸ್ತಕಕ್ಕೂ ಹರೆಯದವರಿಗೆ ಬೇಕಾದ ಚೆಂದದ ವಿನ್ಯಾಸದ ಪುಸ್ತಕಕ್ಕೂ ಗಿಟ್ಟುವುದಿಲ್ಲ. ಕನ್ನಡದಲ್ಲಿ ಹದಿನಾಲ್ಕರಿಂದ ಹದಿನೆಂಟರವರಿಗೆಂದೇ ಬರೆದ ಪುಸ್ತಕಗಳ ಬರಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಅದೇ ಹೊತ್ತಿಗೆ ಹೊರಗಿನ ಮೇಜಿನ ಹುಡುಗನಿಗೆ ಪರೀಕ್ಷೆಗೆ ಬೇಕಾದ ಆರರಿಂದ ಹನ್ನೆರಡನೇ ತರಗತಿಯ ಪಠ್ಯಪುಸ್ತಕಗಳ ಒಂದು ಪೂರ್ತಿ ಸೆಟ್ಟು ಆ ಕಟ್ಟಡದಲ್ಲಿ ಇಲ್ಲ. ಅದನ್ನು ಅವನು ಜೆರಾಕ್ಸ್ ಮಾಡಿಸುತ್ತಾನೆ.

ದುಡ್ಡಿಲ್ಲ ಎನ್ನುವ ಹಾಗೂ ಇಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆಯ ತೆರಿಗೆ 5,000 ರೂಪಾಯಿ ಇದ್ದರೆ ಅದರ ಮೇಲೆ 300 ರೂಪಾಯಿ ಗ್ರಂಥಾಲಯಕ್ಕೆ ಕಟ್ಟಿರುತ್ತೀರಿ. ರಸೀದಿ ತೆಗೆದು ನೋಡಿ, ಭಿಕ್ಷುಕರ ಕರದ ಆಸುಪಾಸಿನಲ್ಲೇ ಇರುತ್ತದೆ. ಈ ದುಡ್ಡನ್ನು ನಗರಸಭೆಗಳು, ಪಾಲಿಕೆಗಳು ಸಂಗ್ರಹಿಸಿ ಗ್ರಂಥಾಲಯಕ್ಕೆ ದಾಟಿಸಬೇಕು. ದಾಟಿಸದೆ ಉಳಿಸಿಕೊಂಡ ಬಾಕಿ ಬೆಂಗಳೂರೊಂದರಲ್ಲೇ ನೂರಾರು ಕೋಟಿ ಮುಟ್ಟಿದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿ. ಅಂದರೆ ಆ ಹುಡುಗನ ಅಪ್ಪ ತೆರಿಗೆ ಕಟ್ಟಿದ್ದಾನೆ. ಪುಸ್ತಕ ಬಂದಿಲ್ಲ, ಅಷ್ಟೇ.

894.814 ಎಂದರೆ ಏನು

ಇನ್ನು ಹುಡುಕಾಟ. ಇಂಟರ್‌ನೆಟ್ಟಿನಲ್ಲಿ ಬೆಳೆದವರ ಕೈಗೆ ಬಂದಿರುವ ದೊಡ್ಡ ಅಭ್ಯಾಸ ಇದು: ಬೇಕಾದದ್ದನ್ನು ಅರೆಬರೆ ಟೈಪು ಮಾಡಿದರೂ ಸಿಗಬೇಕು. ಅವರನ್ನು ಕಪಾಟಿನ ಮುಂದೆ ನಿಲ್ಲಿಸಿ. ಪುಸ್ತಕದ ಬೆನ್ನಿನ ಮೇಲೆ 894.814 ಎಂದು ಬರೆದಿದೆ. ಜಗತ್ತಿನ ಗ್ರಂಥಾಲಯಗಳಲ್ಲಿ ಚಾಲ್ತಿಯಲ್ಲಿರುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಅದು ಕನ್ನಡ ಸಾಹಿತ್ಯದ ವಿಳಾಸ. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಹೆದ್ದಾರಿಯ ಮನೆ, ನಮಗೆ ದಶಮಾಂಶದಾಚೆಯ ಗಲ್ಲಿಯಲ್ಲಿ ಮೂರನೇ ತಿರುವು. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಹುಟ್ಟಿದ ಪದ್ಧತಿ, ಏನು ಮಾಡೋಣ. ಆದರೆ ಕನ್ನಡ ಪುಸ್ತಕಗಳೇ ತುಂಬಿರುವ ಕೋಣೆಯಲ್ಲಿ ಆ ಅಂಕಿ ಹೇಳುವುದು 'ಇದು ಕನ್ನಡ' ಎಂದಷ್ಟೇ. ಪತ್ತೇದಾರಿ ಕಾದಂಬರಿ ಬೇಕೆಂದು ಬಂದವಳಿಗೆ ಅದರಿಂದ ಏನು ಸಿಕ್ಕಿತು?

ಕಂಪ್ಯೂಟರಿನಲ್ಲಿ ಹುಡುಕೋಣ ಅಂದರೆ ಅಲ್ಲಿ ಬೇರೆಯದೇ ಗೋಜಲು. ಕುವೆಂಪು ಎಂದು ಕನ್ನಡದಲ್ಲಿ ಟೈಪು ಮಾಡುತ್ತೀರಿ. ಸೂಚಿಯಲ್ಲಿ ಅವರನ್ನು ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕುವೆಂಪು ಎಂದು ನಮೂದಿಸಿದ್ದಾರೆ, ಇನ್ನೊಬ್ಬರು ಪುಟ್ಟಪ್ಪ ಕೆ. ವಿ. ಎಂದು, ಮತ್ತೊಬ್ಬರು ಒಂದು 'ಟಿ' ಬಿಟ್ಟು ಪುಟಪ್ಪ ಎಂದು. ಒಬ್ಬರೇ ಕವಿ, ಮೂರು ಮನೆ; ಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ಮನುಷ್ಯರು. ಇದಕ್ಕೆ ಮದ್ದು ಇಲ್ಲವೇ ಅಂದರೆ ಇದೆ. ಒಬ್ಬ ಲೇಖಕನ ಎಲ್ಲ ರೂಪಗಳನ್ನೂ ಒಂದೇ ಹೆಸರಿಗೆ ಕಟ್ಟಿಹಾಕುವ ಪಟ್ಟಿ ಮಾಡುವುದು ಗ್ರಂಥಾಲಯ ವಿಜ್ಞಾನದ ಹಳೆಯ ವಿದ್ಯೆ. ಕೇಂದ್ರ ಸರ್ಕಾರದ ಎನ್‌ಐಸಿ ರೂಪಿಸಿದ ಇ-ಗ್ರಂಥಾಲಯ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಕೋಹಾ, ಎರಡೂ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತವನ್ನು, ಅರಗಿಸಿಕೊಳ್ಳುತ್ತವೆ. ಕೂತು ನಮೂದಿಸಲು ಕನ್ನಡ ಬಲ್ಲ, ಪುಸ್ತಕ ಬಲ್ಲ ಕೈಗಳು ಬೇಕು.

ಇನ್ನೂ ಆಳದಲ್ಲಿ ಒಂದು ಗಂಟಿದೆ. ದಶಕಗಟ್ಟಲೆ ಕನ್ನಡ ಪುಸ್ತಕಗಳ ಪುಟವಿನ್ಯಾಸ ನಡೆದದ್ದು ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ. ಪರದೆಯ ಮೇಲೆ ಅಚ್ಚ ಕನ್ನಡ. ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಅಂಥ ಕಡತದಿಂದ ಮಾಡಿದ ಪಿಡಿಎಫ್ಫಿನೊಳಗೆ ಯಾವ ಹುಡುಕುಯಂತ್ರವೂ ಇಳಿಯಲಾರದು. ಕನ್ನಡದಲ್ಲಿ ಬರೆದಿರುವ ಎಷ್ಟೋ ಒಳ್ಳೆಯ ಸಂಗತಿ ಗೂಗಲ್‌ನಲ್ಲಿ ಸಿಗದಿರುವುದಕ್ಕೆ, ಹುಡುಗರು 'ಕನ್ನಡದಲ್ಲಿ ಏನೂ ಇಲ್ಲ' ಎಂದುಕೊಳ್ಳುವುದಕ್ಕೆ ಇದು ದೊಡ್ಡ ಕಾರಣ. ಇದೆ, ಆದರೆ ಕುರುಡು ಅಕ್ಷರದಲ್ಲಿದೆ.

ಫೋನಿನೊಳಗಿನ ಗ್ರಂಥಾಲಯ

2020ರ ಆರಂಭದಲ್ಲಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಕೆಲವೇ ವಾರಗಳಲ್ಲಿ ಲಾಕ್‌ಡೌನ್ ಬಂತು, ಗ್ರಂಥಾಲಯಗಳ ಬಾಗಿಲು ಮುಚ್ಚಿತು, ಲಕ್ಷಾಂತರ ಜನ ಹೆಸರು ನೋಂದಾಯಿಸಿಕೊಂಡರು. ಜಾಮೀನು ಇಲ್ಲ, ಠೇವಣಿ ಇಲ್ಲ. ನನ್ನ ಒಗೆದುಹೋದ ಅರ್ಜಿ ನೆನಪಾಗಿ ಹೊಟ್ಟೆ ಉರಿಯಿತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಯಾರು ಬೇಕಾದರೂ ಓದುವಂತೆ, ಮುದ್ರಿಸುವಂತೆ, ಮತ್ತೊಂದು ಭಾಷೆಗೆ ತಿರುಗಿಸುವಂತೆ ಸಿಗುತ್ತವೆ. 'ಸರ್ವೆಂಟ್ಸ್ ಆಫ್ ನಾಲೆಜ್' ಎಂಬ ಹೆಸರಿನಲ್ಲಿ ಬೆಂಗಳೂರಿನ ಸ್ವಯಂಸೇವಕರು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸುತ್ತಾ ಬಂದಿದ್ದಾರೆ.

ಇಷ್ಟಾದರೂ ಓದುಗ ಫೋನಿನಲ್ಲಿ ಕಪಾಟಿನ ಬಳಿ ಬರುತ್ತಾನೆಯೇ? ಅನುಮಾನ. ಎ4 ಅಳತೆಗೆ ಸ್ಕ್ಯಾನ್ ಆದ ಪುಟವನ್ನು ಆರು ಇಂಚಿನ ಪರದೆಯಲ್ಲಿ ಓದಿ ನೋಡಿ. ಸಾಲು ಪೂರ್ತಿ ಕಾಣಬೇಕಾದರೆ ಅಕ್ಷರ ಇರುವೆ, ಅಕ್ಷರ ದೊಡ್ಡದಾಗಬೇಕಾದರೆ ಸಾಲಿನ ಕೊನೆಗೆ ಬೆರಳಿನ ಪ್ರಯಾಣ. ಮೂರನೇ ಪುಟದಲ್ಲಿ ಮೇಲಿಂದ ಒಂದು ವಾಟ್ಸ್ಆ್ಯಪ್ ಸಂದೇಶ ಇಳಿಯುತ್ತದೆ, ಕಥೆ ಮುಗಿಯಿತು. ಫೋನಿನೊಳಗೆ ಗ್ರಂಥಾಲಯವನ್ನು ಇಟ್ಟರೆ ಅದು ರೀಲ್ಸಿನ ಪಕ್ಕದ ಮನೆಯಲ್ಲಿ ಇರಬೇಕಾಗುತ್ತದೆ, ಆ ಪೈಪೋಟಿಯಲ್ಲಿ ಗ್ರಂಥಾಲಯ ಗೆಲ್ಲುವುದಿಲ್ಲ. ಡಿಜಿಟಲ್ ಬೇಡ ಎನ್ನುತ್ತಿಲ್ಲ. ಊರಿಗೆ ಬಾರದ ಪುಸ್ತಕ, ಮುದ್ರಣ ನಿಂತುಹೋದ ಪುಸ್ತಕ, ಕಣ್ಣು ಕಾಣದವರಿಗೆ ಓದಿ ಹೇಳುವ ಪುಸ್ತಕ, ಇದಕ್ಕೆಲ್ಲ ಅದೇ ದಾರಿ. ಆದರೆ ನಾಲ್ಕು ಕಂಪ್ಯೂಟರ್ ತಂದಿಟ್ಟು, ರಿಬ್ಬನ್ ಕತ್ತರಿಸಿ, 'ಗ್ರಂಥಾಲಯ ಡಿಜಿಟಲ್ ಆಯಿತು' ಎಂದು ಫೋಟೋ ತೆಗೆಸಿಕೊಳ್ಳುವವರಿಗೆ ಈ ಆರು ಇಂಚಿನ ಕಷ್ಟ ಗೊತ್ತಿಲ್ಲ.

ಕಬ್ಬನ್ ಪಾರ್ಕಿನಲ್ಲಿ ಒಂದು ತಮಾಷೆ ನೋಡಬಹುದು. ಅಲ್ಲಿ 1915ರ ಹೊತ್ತಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ರಾಜ್ಯ ಕೇಂದ್ರ ಗ್ರಂಥಾಲಯ ಇರುವುದು ಅದರಲ್ಲೇ. ಅದೇ ಪಾರ್ಕಿನ ಹುಲ್ಲಿನ ಮೇಲೆ ಶನಿವಾರ ಬೆಳಿಗ್ಗೆ ಹುಡುಗ ಹುಡುಗಿಯರು ಚಾಪೆ ಹಾಸಿಕೊಂಡು, ತಮ್ಮ ತಮ್ಮ ಪುಸ್ತಕ ತಂದು, ಮಾತಿಲ್ಲದೆ ಗಂಟೆಗಟ್ಟಲೆ ಓದುತ್ತಾರೆ. ಕೆಲವು ವರ್ಷದ ಹಿಂದೆ ಇಬ್ಬರು ಸ್ನೇಹಿತರಿಂದ ಶುರುವಾದ 'ಕಬ್ಬನ್ ರೀಡ್ಸ್' ಇದು; ನೋಡನೋಡುತ್ತ ಬೇರೆ ಬೇರೆ ನಗರಗಳಿಗೆ, ದೇಶದಾಚೆಗೂ ಹಬ್ಬಿತು. ಜನ ಸೇರಿದ್ದು ಇನ್‌ಸ್ಟಾಗ್ರಾಂ ಮೂಲಕ! ಓದು ಸತ್ತಿದೆ ಅನ್ನುವವರು ಆ ಹುಲ್ಲು ನೋಡಬೇಕು, ಗ್ರಂಥಾಲಯ ಚೆನ್ನಾಗಿ ನಡೆದಿದೆ ಅನ್ನುವವರೂ ಅದನ್ನೇ ನೋಡಬೇಕು.

ಹಳ್ಳಿಯಲ್ಲಿ ಆದದ್ದು

ಬದಲಾವಣೆ ನಗರದಿಂದ ಹಳ್ಳಿಗೆ ಹೋಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಗ್ರಂಥಾಲಯದ ಮಟ್ಟಿಗೆ ಕರ್ನಾಟಕದಲ್ಲಿ ಅದು ತಿರುಗುಮುರುಗಾಯಿತು. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಬಿಡಿಸಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಕಾಗದದ ಮೇಲೆ ಇದು ಬರೀ ಕಡತ ವರ್ಗಾವಣೆ. ನೆಲದ ಮೇಲೆ ಇದರ ಅರ್ಥ ಬೇರೆ: ಸೋರುವ ಮಾಡನ್ನು ರಿಪೇರಿ ಮಾಡಿಸಲು, ಕರೆಂಟು ಎಳೆಸಲು, ಸುಣ್ಣ ಬಣ್ಣ ಹೊಡೆಸಲು ಎಲ್ಲೋ ದೂರದ ಕಚೇರಿಗೆ ಬರೆಯಬೇಕಾಗಿಲ್ಲ, ಅನುದಾನ ಮತ್ತು ಅಧಿಕಾರ ಎರಡೂ ಪಕ್ಕದ ಕೋಣೆಯ ಪಂಚಾಯಿತಿಯಲ್ಲೇ ಇದೆ. ಬೆಳಿಗ್ಗೆ ಎರಡು ಗಂಟೆ ಸಂಜೆ ಎರಡು ಗಂಟೆ ತೆರೆದು, ನಾಲ್ಕು ಜನ ಹಿರಿಯರು ಪೇಪರ್ ತಿರುವಿ ಹಾಕುತ್ತಿದ್ದ ಜಾಗಗಳು ಈಗ 'ಅರಿವು ಕೇಂದ್ರ' ಎಂಬ ಹೆಸರು ಹೊತ್ತಿವೆ.

2020ರ ನವೆಂಬರ್ 14ರಂದು ಈ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಯಿತು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಕಾಲ. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ, ಜಾಮೀನಿನ ಮಾತೇ ಇಲ್ಲ. ಲಕ್ಷಾಂತರ ಮಕ್ಕಳು ಹೆಸರು ಬರೆಸಿದರು. ಅದರ ಯಶಸ್ಸನ್ನು ಎಲ್ಲರೂ ಪುಸ್ತಕಕ್ಕೆ ಕಟ್ಟುತ್ತಾರೆ. ನಾನು ಚೆಸ್ ಬೋರ್ಡಿಗೆ ಮತ್ತು ಗೋಡೆಯ ಚಿತ್ರಗಳಿಗೆ ಅರ್ಧ ಪಾಲು ಕೊಡುತ್ತೇನೆ. ಮಗು ಆಟಕ್ಕೆ ಬಂತು, ಗೋಡೆಯ ಭೂಪಟ ನೋಡಿತು, ಕಥೆ ಓದುವ ದನಿ ಕೇಳಿತು, ಪುಸ್ತಕ ಕೈಗೆ ಸಿಕ್ಕಿತು. ಆ ದನಿ ಯಾರದು? ಗ್ರಂಥಾಲಯ ಮೇಲ್ವಿಚಾರಕರದು. ಅಲ್ಪ ಗೌರವಧನಕ್ಕೆ ವರ್ಷಗಟ್ಟಲೆ ದುಡಿದವರು. ಊರಿನ ಪ್ರತಿ ಮಗುವೂ ಯಾರ ಮನೆಯದು ಎಂದು ಅವರಿಗೆ ಗೊತ್ತು. ಪುಸ್ತಕ ವಾಪಸು ಬರಲಿಲ್ಲವೇ, ಸಂಜೆ ಹಾಲಿನ ಡೇರಿ ಹತ್ತಿರ ಅವರಪ್ಪ ಸಿಗುತ್ತಾನೆ. ಗೆಜೆಟೆಡ್ ಅಧಿಕಾರಿಯ ಸಹಿ ಮಾಡಲಾಗದ ಕೆಲಸವನ್ನು ಡೇರಿಯ ಸಾಲು ಮಾಡುತ್ತದೆ.

ಎಲ್ಲ ಕಡೆ ಹೀಗಿಲ್ಲ, ಒಪ್ಪುತ್ತೇನೆ. ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆಯದ ಕೇಂದ್ರಗಳೂ ಇವೆ. ಆದರೆ ನಡೆದ ಕಡೆಯೆಲ್ಲ ನಡೆಸಿದ್ದು ಒಬ್ಬ ವ್ಯಕ್ತಿ.

ಆ ವ್ಯಕ್ತಿಯ ಕೆಲಸ ಇಂಟರ್‌ನೆಟ್ ಕಾಲದಲ್ಲಿ ಏನು ಎಂಬುದಕ್ಕೆ ಒಂದು ಅಧ್ಯಯನ ನೆನಪಾಗುತ್ತದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು: 10 ಇತಿಹಾಸಕಾರರು, 10 ಸುದ್ದಿಯ ಸತ್ಯ ಪರಿಶೀಲಕರು, 25 ವಿದ್ಯಾರ್ಥಿಗಳು. ಹೆಸರು ಹೆಚ್ಚುಕಮ್ಮಿ ಒಂದೇ ಥರ ಇರುವ ಎರಡು ಮಕ್ಕಳ ವೈದ್ಯರ ಸಂಘಗಳ ಪುಟ ತೋರಿಸಿ ಯಾವುದನ್ನು ನಂಬುತ್ತೀರಿ ಎಂದು ಕೇಳಿದರು. ಒಂದು 1930ರಿಂದ ಇರುವ ಬಲು ದೊಡ್ಡ ಸಂಸ್ಥೆ, ಇನ್ನೊಂದು ಅದರಿಂದ ಸಿಡಿದ ಸಣ್ಣ ಗುಂಪು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು, ಇತಿಹಾಸಕಾರರಲ್ಲೂ ಕೆಲವರು ಎಡವಿದರು. ಅವರು ಅದೇ ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿದರು, ಅಂದಚೆಂದ ನೋಡಿ ನಂಬಿದರು. ಸತ್ಯ ಪರಿಶೀಲಕರು ಪುಟವನ್ನು ಓದಲೇ ಇಲ್ಲ. ಕ್ಷಣದಲ್ಲಿ ಆಚೆ ಬಂದು, ಬೇರೆ ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಊರಲ್ಲಿ ಏನಂತಾರೆ ಎಂದು ವಿಚಾರಿಸಿದರು. ಹೆಣ್ಣು ನೋಡಲು ಹೋಗುವ ಮುಂಚೆ ನಮ್ಮವರು ಮಾಡುತ್ತಿದ್ದದ್ದೂ ಇದೇ ಅಲ್ಲವೇ, ಮನೆಯವರನ್ನು ಕೇಳುವ ಬದಲು ಕೇರಿಯವರನ್ನು ಕೇಳುವುದು.

ನಮ್ಮ ವಾಚನಾಲಯದ ಮೇಜಿಗೆ ಇದನ್ನು ತನ್ನಿ. ಟೆಲಿಗ್ರಾಂನಲ್ಲಿ ಒಂದು ಪಿಡಿಎಫ್ ಬರುತ್ತದೆ: ಸಾವಿರಾರು ಹುದ್ದೆ, ಅರ್ಜಿ ಶುಲ್ಕ ಈ ನಂಬರಿಗೆ ಕಳಿಸಿ. ಮೇಲೆ ಸಿಂಹದ ಲಾಂಛನ, ಕೆಳಗೆ ಸಹಿ, ಎಲ್ಲ ಅಚ್ಚುಕಟ್ಟು. ಪುಟವನ್ನೇ ನೋಡುತ್ತ ಕೂತರೆ ಸುಳ್ಳೆಂದು ತಿಳಿಯುವುದಿಲ್ಲ. ಅದನ್ನು ಬಿಟ್ಟು ನೇಮಕಾತಿ ಪರೀಕ್ಷೆ ನಡೆಸುವ ಕೆಪಿಎಸ್‌ಸಿಯದೋ ಕೆಇಎಯದೋ ಸ್ವಂತ ವೆಬ್‌ಸೈಟಿಗೆ ಹೋಗಿ ನೋಡು ಎಂದು ಹೇಳಿಕೊಡುವವರು ಹತ್ತು ಹೆಜ್ಜೆ ದೂರದಲ್ಲಿ ಕೂತಿರಬೇಕು. ಗ್ರಂಥಪಾಲಕ ಎಂದರೆ ಪುಸ್ತಕ ಕಾಯುವವನಲ್ಲ, ಎಲ್ಲಿ ವಿಚಾರಿಸಬೇಕೆಂದು ಬಲ್ಲವನು. ಆದರೆ ಎಷ್ಟೋ ಗ್ರಂಥಾಲಯಗಳಲ್ಲಿ ಆ ಹುದ್ದೆಯೇ ಖಾಲಿ. ಇರುವ ಒಬ್ಬರು ಎರಡು ಮೂರು ಶಾಖೆಗಳ ಬೀಗದ ಕೈ ಹಿಡಿದು ಓಡಾಡುತ್ತಿದ್ದಾರೆ.

ಹೊರದೇಶದ ಉದಾಹರಣೆಗಳನ್ನು ನಾನು ಸ್ವಲ್ಪ ಹಿಂಜರಿಕೆಯಿಂದಲೇ ಕೊಡುತ್ತೇನೆ, ಏಕೆಂದರೆ ಅದನ್ನು ನೋಡಿ ಬಂದವರು ಮೊದಲು ಕಟ್ಟಡದ ನಕ್ಷೆ ಕೇಳುತ್ತಾರೆ. ಹೆಲ್ಸಿಂಕಿಯ ಊಡಿ ಗ್ರಂಥಾಲಯ 2018ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಎದುರಿಗೇ ತೆರೆಯಿತು. ಸುಮಾರು ಒಂದು ಲಕ್ಷ ಪುಸ್ತಕ. ಮಿಕ್ಕ ಜಾಗದಲ್ಲಿ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರು, ಹಾಡು ಮುದ್ರಿಸಿಕೊಳ್ಳುವ ಕೋಣೆ. ಸ್ಟಾಕ್‌ಹೋಮಿನಲ್ಲಿ 2011ರಿಂದ 10ರಿಂದ 13 ವರ್ಷದವರಿಗೆಂದೇ ಒಂದು ಗ್ರಂಥಾಲಯವಿದೆ, ದೊಡ್ಡವರು ಒಳಗೆ ಬರುವಂತಿಲ್ಲ. ಇದರಲ್ಲಿ ನಾವು ಕದಿಯಬಹುದಾದದ್ದು ಗಾಜಿನ ಗೋಡೆಯಲ್ಲ. ಸ್ಟಾಕ್‌ಹೋಮಿನದು ಆ ವಯಸ್ಸಿನವರಿಗೆ ಅಡುಗೆ ಮಾಡಲೂ ಬಿಡುವ ಜಾಗ. 'ಇಲ್ಲಿ ನನಗೆ ಏನು ಮಾಡಲು ಬಿಡುತ್ತಾರೆ' ಎಂಬ ಮಕ್ಕಳ ಪ್ರಶ್ನೆಗೆ ಬಾಗಿಲಲ್ಲೇ ಉತ್ತರ ಕೊಟ್ಟಿದ್ದಾರೆ. ನಮ್ಮಲ್ಲಿ ಬಾಗಿಲಲ್ಲಿ ಇರುವುದು ಏನೇನು ಮಾಡಬಾರದು ಎಂಬ ಪಟ್ಟಿ.

ನಮ್ಮ ಗ್ರಂಥಾಲಯಕ್ಕೆ ವಾಪಸು ಬರುತ್ತೇನೆ. ಹೋದ ವರ್ಷ ಅಲ್ಲಿಗೆ ಒಬ್ಬರು ಸಹಾಯಕಿ ಬಂದರು, ಮೂವತ್ತರ ಆಸುಪಾಸಿನವರು. ಎಲ್ಲರೂ ಅಕ್ಕ ಅನ್ನುತ್ತಾರೆ. ಅವರು ವಾರವೊಂದು ಸುಮ್ಮನೆ ನೋಡಿದರು. ಹುಡುಗರು ಎರಡು ಗಂಟೆಗೊಮ್ಮೆ ಎದ್ದು ನೀರಿನ ಫಿಲ್ಟರ್ ಹತ್ತಿರ ಹೋಗುತ್ತಾರೆ. ಬಾಟಲಿ ತುಂಬುವವರೆಗೆ, ತುಂಬಿದ ಮೇಲೂ ಹತ್ತು ನಿಮಿಷ ಅಲ್ಲೇ ಗೋಡೆಗೊರಗಿ ಫೋನ್ ನೋಡುತ್ತಾರೆ. ಅಕ್ಕ ಒಳಗಿನ ಕೋಣೆಯಿಂದ ಒಂದು ಹಳೆ ಬೆಂಚು ಎಳೆಸಿ ಫಿಲ್ಟರ್ ಪಕ್ಕ ಹಾಕಿಸಿದರು. ಅದರ ಮೇಲೆ ಹದಿನೈದು ಪುಸ್ತಕ, ಮುಖಪುಟ ಮೇಲೆ ಕಾಣುವ ಹಾಗೆ. ಪರೀಕ್ಷೆಯದು ಒಂದೂ ಇಲ್ಲ. ಸಣ್ಣ ಕಥೆ, ಕಾಡಿನ ಅನುಭವ, ಕ್ರಿಕೆಟ್, ಒಂದು ಪತ್ತೇದಾರಿ ಕಾದಂಬರಿ, ಎರಡು ಅಡುಗೆ ಪುಸ್ತಕ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಒಂದು ನೋಟ್‌ಬುಕ್ಕು: ತಗೊಂಡು ಹೋಗುವವರು ಹೆಸರು, ಫೋನ್ ನಂಬರು ಬರೆಯಿರಿ, ಯಾವ ಪುಸ್ತಕ ಬೇಕೆಂದು ಹಿಂದಿನ ಪುಟದಲ್ಲಿ ಬರೆಯಿರಿ.

"ಕಳೆದುಹೋದ್ರೆ?" ಎಂದು ಕೇಳಿದೆ.

"ಹದಿನೈದೇ ಅಲ್ವಾ ಸಾರ್ ಇಟ್ಟಿರೋದು," ಎಂದರು. "ಅಷ್ಟನ್ನ ನಾನೇ ಕಟ್ಟಿಕೊಡ್ತೀನಿ. ಒಳಗೆ ಇದ್ದಿದ್ರೂ ಹುಳ ತಿನ್ನೋದು ತಾನೇ."

ಆರು ತಿಂಗಳಲ್ಲಿ ಎರಡು ಪುಸ್ತಕ ಬಂದಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟ ತುಂಬಿ, ಇನ್ನೊಂದು ಹೊಲಿದು ಸೇರಿಸಿದ್ದಾರೆ. ಮೊನ್ನೆ ಹೋದಾಗ ಅದನ್ನು ತಿರುವಿ ನೋಡಿದೆ. 'ಎಂಟನೇ ಕ್ಲಾಸ್ ಸೋಶಿಯಲ್ ಟೆಕ್ಸ್ಟ್ ಬುಕ್' ಎಂದು ಒಬ್ಬರು. 'ಹಾರರ್ ಇದ್ರೆ ಹಾಕಿ ಅಕ್ಕ' ಎಂದು ಒಬ್ಬರು. ಅದರ ಕೆಳಗೆ ಇನ್ನೊಂದು ಕೈಬರಹದಲ್ಲಿ: 'ಕ್ರಿಕೆಟ್ ಪುಸ್ತಕದ 43ನೇ ಪೇಜ್ ಯಾರ ಹತ್ರ ಇದೆ?'